ಹಾಳೆಯಡಿಯ ಹುಳ

ನಾದಿನಿ: ಅತ್ತಿಗೆ, ನಮ್ಮ ಮನೆ ಹಿಂದಿನ ಹರಿವೆ ಮಡಿ ನೋಡಲಾಗುವುದಿಲ್ಲ. ಸಂಜೆ ಎರಡೆರಡು ಎಲೆ ಬಿಟ್ಟುಕೊಂಡು ನಿಂತಿದ್ದ ಸಸಿಗಳು ಬೆಳಿಗ್ಗೆ ಬರೀ ದಂಟು. ಉಪ್ಪು ಹಾಕು ಅಂತ ಒಬ್ಬರು, ಬೂದಿ ಅಂತ ಇನ್ನೊಬ್ಬರು. ಮೊಟ್ಟೆ ಸಿಪ್ಪೆ, ಕಾಫಿ ಚರಟ, ತಾಮ್ರದ ಪಟ್ಟಿ, ಬಿಯರ್, ಹೀಗೆ ಕಂಡಕಂಡವರು ಒಂದೊಂದು ಮದ್ದು ಹೇಳುತ್ತಾರೆ. ಇದರಲ್ಲಿ ನಂಬುವಂಥದ್ದು ಯಾವುದು?

ಅತ್ತಿಗೆ: ತಿಂದದ್ದು ಯಾರು ಅಂತ ಖಾತ್ರಿ ಮಾಡಿಕೊಂಡಿದ್ದೀಯಾ? ಮಿಡತೆ ತಿಂದರೂ ಎಲೆ ಹೋಗುತ್ತದೆ, ಕಂಬಳಿಹುಳ ತಿಂದರೂ ಹೋಗುತ್ತದೆ.

ನಾದಿನಿ: ಎಲೆ ಮೇಲೆ, ಮಣ್ಣಿನ ಮೇಲೆ ಒಣಗಿದ ಲೋಳೆಯ ಬೆಳ್ಳಗಿನ ಗೆರೆ ಹೊಳೆಯುತ್ತಿತ್ತು. ಕುಂಡ ಎತ್ತಿದರೆ ಅಡಿಯಲ್ಲಿ ಚಿಪ್ಪಿಲ್ಲದ ಕಪ್ಪು ಹುಳ, ಗೋಡೆ ಬುಡದಲ್ಲಿ ಚಿಪ್ಪಿನ ಬಸವನಹುಳ. ಎರಡೂ ಇವೆ.

ಅತ್ತಿಗೆ: ಹಾಗಾದರೆ ಅನುಮಾನವಿಲ್ಲ. ನೀನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಅದರ ಮೈ ಹೇಗೆ ನಡೆಯುತ್ತದೆ ಅಂತ ಮೊದಲು ನೀನು ಹೇಳು. ಮದ್ದಿನ ವಿಚಾರ ಆಮೇಲೆ.

ನಾದಿನಿ: ಎರಡೂ ಮೃದ್ವಂಗಿಗಳು, ಒಂದೇ ವರ್ಗ. ಒಂದಕ್ಕೆ ಚಿಪ್ಪು ಉಳಿದಿದೆ, ಇನ್ನೊಂದಕ್ಕೆ ಇಲ್ಲ. ಬಾಯಲ್ಲಿ ಸಾವಿರಾರು ಸಣ್ಣ ಹಲ್ಲುಗಳಿರುವ ನಾಲಿಗೆ. ತುರಿಮಣೆಯಲ್ಲಿ ಕಾಯಿ ತುರಿದ ಹಾಗೆ ಎಲೆಯನ್ನು ತುರಿದು ತಿನ್ನುತ್ತದೆ. ಮೈಯ ಬಹುಪಾಲು ನೀರೇ. ಚಲಿಸಬೇಕಾದರೆ ಲೋಳೆ ಸುರಿಸಬೇಕು, ಲೋಳೆಯೂ ಹೆಚ್ಚಿನಂಶ ನೀರು. ಒಂದು ಗೇಣು ಮುಂದೆ ಹೋದರೂ ಅಷ್ಟು ನೀರು ಖರ್ಚು. ಅದಕ್ಕೇ ಹಗಲು ಬಿಸಿಲಿಗೆ ಹೊರಬರುವುದಿಲ್ಲ. ತಂಪಾದ ಕತ್ತಲೆ ಮೂಲೆ ಹಿಡಿದು ಕೂರುತ್ತದೆ, ರಾತ್ರಿ ನೆಲ ಒದ್ದೆಯಾದಾಗ ಮೇಯಲು ಹೊರಡುತ್ತದೆ.

ಅತ್ತಿಗೆ: ನೀನೇ ಹೇಳಿದೆಯಲ್ಲ, ಮದ್ದು ಅದರಲ್ಲೇ ಇದೆ. ಅದಕ್ಕೆ ಬೇಕಾದ್ದು ತೇವ. ನಾವೆಲ್ಲ ಏನು ಮಾಡುತ್ತೇವೆ? ರಾತ್ರಿ ಅದು ಉಣ್ಣುವ ಜಾಗಕ್ಕೆ ಪುಡಿ ಸುರಿಯುತ್ತೇವೆ, ಹಗಲು ಅದು ಮಲಗುವ ಜಾಗವನ್ನು ಹಾಗೇ ಬಿಡುತ್ತೇವೆ. ಮಲೆನಾಡಿನ ಮಳೆಯಲ್ಲಿ ಪುಡಿ ಎಷ್ಟು ಹೊತ್ತು ನಿಂತೀತು? ಬೂದಿಯನ್ನೇ ನೋಡು. ಒಣಗಿದ್ದಾಗ ಅದು ನಿಜವಾಗಿ ತಡೆಯುತ್ತದೆ. ಹುಳದ ಮೈಗೆ ಅಂಟಿ ಲೋಳೆ ಹೀರುತ್ತದೆ, ಕ್ಷಾರಕ್ಕೆ ಚರ್ಮ ಉರಿಯುತ್ತದೆ. ಒಂದು ಹನಿ ಮಳೆ ಬಿತ್ತೋ, ಬೂದಿ ಕೆಸರಾಗಿ ಹುಳ ಅದರ ಮೇಲೇ ದಾಟುತ್ತದೆ. ಆರಿದ್ರಾ ಮಳೆಯಲ್ಲಿ ಬೂದಿ ಹಾಕಿ ಸಸಿ ಉಳಿಸುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಮಳೆ ಬಿಡುವು ಕೊಟ್ಟ ನಾಲ್ಕು ದಿನಕ್ಕೆ, ಇಲ್ಲವೇ ಸೂರಿನಡಿ ಇಟ್ಟ ಕುಂಡಕ್ಕೆ ಸರಿ.

ನಾದಿನಿ: ಉಪ್ಪು?

ಅತ್ತಿಗೆ: ಹುಳ ಸಾಯುತ್ತದೆ, ಸುಳ್ಳಲ್ಲ. ಯಾಕೆ ಅಂತ ನಿನಗೆ ಗೊತ್ತು.

ನಾದಿನಿ: ಹೊರಗಿನ ಉಪ್ಪು ಚರ್ಮದ ಮೂಲಕ ಒಳಗಿನ ನೀರನ್ನು ಎಳೆದುಬಿಡುತ್ತದೆ.

ಅತ್ತಿಗೆ: ಅದೇ ಉಪ್ಪು ಹರಿವೆಯ ಬೇರಿಗೂ ನೀರು ಸಿಗದ ಹಾಗೆ ಮಾಡುತ್ತದೆ. ಕೈತೋಟದ ಮಣ್ಣಿಗೆ ಉಪ್ಪು ಸುರಿಯುವುದು ಮಣ್ಣು ಕೆಡಿಸುವ ಕೆಲಸ. ಕುಂಡಕ್ಕಂತೂ ಕೂಡದು, ಹಾಕಿದ ಉಪ್ಪು ಹೋಗಲು ಬೇರೆ ದಾರಿ ಇಲ್ಲ. ಇನ್ನೊಂದು ಮಾತು: ಬದುಕಿರುವ ಹುಳದ ಮೇಲೆ ಉಪ್ಪು ಹಾಕಿ ಅದು ನೊರೆ ಕಕ್ಕುತ್ತಾ ಒದ್ದಾಡುವುದನ್ನು ನೋಡುವ ಕೆಲಸ ನನಗೆ ಬೇಡ. ಕೊಲ್ಲಲೇಬೇಕಾದರೆ ಬೇಗ ಮುಗಿಯಬೇಕು.

ನಾದಿನಿ: ಮೊಟ್ಟೆ ಸಿಪ್ಪೆ ಚೂಪು, ಅದರ ಮೇಲೆ ಹರಿಯಲಾಗುವುದಿಲ್ಲ ಅನ್ನುತ್ತಾರೆ. ಆದರೆ ಅದನ್ನು ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ಪರೀಕ್ಷೆ ಮಾಡಿ ನೋಡಿದ್ದಾರೆ. 2018ರಲ್ಲಿ ಫಲಿತಾಂಶ ಬಂತು. ಲೆಟ್ಯೂಸ್ ಗಿಡಗಳ ಸುತ್ತ ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ, ಹರಳುಗಲ್ಲು, ಪೈನ್ ಮರದ ತೊಗಟೆ, ಉಣ್ಣೆಯ ಗುಳಿಗೆ ಎಲ್ಲ ಹಾಕಿ, ಏನೂ ಹಾಕದ ಗಿಡಗಳ ಜೊತೆ ಹೋಲಿಸಿದರು. ಹುಳ ತಿಂದದ್ದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಅತ್ತಿಗೆ: ನನಗೆ ಆಶ್ಚರ್ಯವಿಲ್ಲ. ಬಸವನಹುಳಕ್ಕೆ ಚಿಪ್ಪು ಬೆಳೆಸಲು ಸುಣ್ಣದಂಶ ಬೇಕೇ ಬೇಕು. ಸುಣ್ಣ ಬಳಿದ ನಮ್ಮ ಹಳೇ ಗೋಡೆಯನ್ನು ಅವು ರಾತ್ರಿ ಕೆರೆಯುತ್ತಿದ್ದುದನ್ನು ನೋಡಿದ್ದೇನೆ. ಮೊಟ್ಟೆ ಸಿಪ್ಪೆಯಲ್ಲಿ ಇರುವುದೂ ಅದೇ. ಗೊಬ್ಬರಗುಂಡಿಗೆ ಹಾಕು, ಗಿಡಕ್ಕೆ ಒಳ್ಳೆಯದು. ತಡೆ ಅಂತ ನಂಬಿ ಕೂರಬೇಡ.

ನಾದಿನಿ: ತಾಮ್ರಕ್ಕೆ ಅವು ಹೆದರುತ್ತವೆ ಅನ್ನುವುದು ಪೂರ್ತಿ ಸುಳ್ಳಾ ಹಾಗಾದರೆ?

ಅತ್ತಿಗೆ: ಪೂರ್ತಿ ಸುಳ್ಳಲ್ಲ. ತೆಳ್ಳಗಿನ ಪಟ್ಟಿ ಬೇರೆ, ಮೈಲುತುತ್ತ ಬೇರೆ. ನಮ್ಮ ತೋಟದಲ್ಲೇ ನೋಡು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಚಾಲ್ತಿಗೆ ತಂದವರು ಕೋಲ್ಮನ್ ಸಾಹೇಬರು, ನಮ್ಮ ಅಜ್ಜನ ಕಾಲದಲ್ಲಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇದೇ ಎರಡನ್ನು 10 ಲೀಟರ್ ನೀರಲ್ಲಿ ಕಲಸಿದರೆ ಮುಲಾಮು. ಅದನ್ನು ನಿಂಬೆ, ಕಿತ್ತಳೆ, ಪಪ್ಪಾಯಿ ಮರದ ಬುಡಕ್ಕೆ ಒಂದು ಗೇಣು ಅಗಲ ಬಳಿದರೆ ಬಸವನಹುಳ ದಾಟಿ ಮೇಲೆ ಹತ್ತುವುದಿಲ್ಲ. ಒಮ್ಮೆ ಬಳಿದದ್ದು ಬಹಳ ಕಾಲ ಇರುತ್ತದೆ. ಆದರೆ ಅದು ಮರದ ಕಾಂಡಕ್ಕೆ ಮಾತ್ರ. ನಾಳೆ ಕೊಯ್ದು ಸಾರು ಮಾಡುವ ಸೊಪ್ಪಿನ ಮಡಿಗೆ ಮೈಲುತುತ್ತ ಸುರಿಯಬಾರದು. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಎರೆಹುಳಕ್ಕೆ ಆಗದು. ಕೇರಳದ ಕಡೆ ಹೊಗೆಸೊಪ್ಪಿನ ಕಷಾಯಕ್ಕೆ ಮೈಲುತುತ್ತ ಬೆರೆಸಿ ಹೊಡೆಯುತ್ತಾರೆ. ಹುಳ ಸಾಯುತ್ತದೆ ಸರಿ, ಹೊಗೆಸೊಪ್ಪಿನ ನಿಕೋಟಿನ್ ಮನುಷ್ಯರಿಗೂ ವಿಷವೇ. ಮನೆಯದ್ದು ಅಂದಮಾತ್ರಕ್ಕೆ ಮದ್ದು ಸೌಮ್ಯವಾಗಿರುತ್ತದೆ ಅಂತ ತಿಳಿಯಬೇಡ ಮಾರಾಯ್ತಿ.

ನಾದಿನಿ: ಕಾಫಿಯ ವಿಷಯ ನನಗೆ ಬಹಳ ಕುತೂಹಲದ್ದು. ಅದರ ಹಿಂದೆ ಒಂದು ಕಥೆಯೇ ಇದೆ. ಹವಾಯಿಯಲ್ಲಿ ಕೃಷಿ ಇಲಾಖೆಯ ವಿಜ್ಞಾನಿಗಳು ಹೊರಗಿನಿಂದ ಬಂದ ಕಪ್ಪೆಗಳ ಕಾಟಕ್ಕೆ ಕೆಫೀನ್ ಪ್ರಯೋಗಿಸುತ್ತಿದ್ದರು. ಕುಂಡಗಳಿಗೆ ಹೊಡೆದ ಮೇಲೆ ನೋಡಿದರೆ ಚಿಪ್ಪಿಲ್ಲದ ಹುಳಗಳು ಸತ್ತು ಬಿದ್ದಿದ್ದವು. ರಾಬರ್ಟ್ ಹಾಲಿಂಗ್ಸ್‌ವರ್ತ್ ಮತ್ತು ಜೊತೆಯವರು ಅದನ್ನು 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ನೀರಿನಲ್ಲಿ ಶೇಕಡಾ 1ರಿಂದ 2ರಷ್ಟು ಕೆಫೀನ್ ಇದ್ದರೆ ಹುಳ ಸಾಯುತ್ತದೆ. ಶೇಕಡಾ 0.01ರಷ್ಟು ಇದ್ದರೂ ಆ ಎಲೆ ಅವಕ್ಕೆ ರುಚಿಸುವುದಿಲ್ಲ, ತಿನ್ನುವುದು ಕಡಿಮೆಯಾಗುತ್ತದೆ.

ಅತ್ತಿಗೆ: ನಾವು ಕುಡಿಯುವ ಕಾಫಿಯಲ್ಲಿ ಎಷ್ಟಿರುತ್ತದೆ?

ನಾದಿನಿ: ಸಾಮಾನ್ಯ ಕಾಫಿಯಲ್ಲಿ ಶೇಕಡಾ 0.05ರ ಆಸುಪಾಸು. ಅಂದರೆ ಕೊಲ್ಲಲು ಸಾಲದು, ಎಲೆ ಕಹಿ ಮಾಡಲು ಸಾಕು.

ಅತ್ತಿಗೆ: ಚರಟದಲ್ಲಿ ಅದಕ್ಕಿಂತ ಕಡಿಮೆಯೇ ಇರಬೇಕು, ಒಳ್ಳೆಯ ಅಂಶ ಡಿಕಾಕ್ಷನ್ನಿಗೆ ಇಳಿದುಹೋಗಿರುತ್ತದಲ್ಲ. ಹಾಗಾದರೆ ಚರಟ ಬುಡಕ್ಕೆ ಸುರಿಯುವುದಕ್ಕಿಂತ, ಉಳಿದ ಡಿಕಾಕ್ಷನ್ನನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಎಳೆ ಸಸಿಯ ಎಲೆಗೆ ಸಂಜೆ ಸಿಂಪಡಿಸುವುದು ಮೇಲು. ಮಳೆ ಬಂದರೆ ಮತ್ತೆ ಸಿಂಪಡಿಸಬೇಕು. ಗಟ್ಟಿಯಾಗಿ ಹೊಡೆದರೆ ಎಲೆ ಸುಡುವುದಿಲ್ಲವಾ?

ನಾದಿನಿ: ಸುಡುತ್ತದೆ. ಹೆಚ್ಚು ಕೆಫೀನಿಗೆ ಲೆಟ್ಯೂಸಿನಂಥ ಎಳೆ ಎಲೆ ಹಳದಿಯಾಗುತ್ತದೆ ಅಂತ ಅವರೇ ಕಂಡಿದ್ದಾರೆ.

ಅತ್ತಿಗೆ: ಸರಿ, ಈಗ ನಾನು ಮಾಡುವುದನ್ನು ಹೇಳುತ್ತೇನೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಇರುತ್ತದಲ್ಲ, ಅದನ್ನು ನೆನೆಸಿ ಮಡಿಯ ಪಕ್ಕ ಬೋರಲು ಹಾಕುತ್ತೇನೆ. ಅಡಿಯಲ್ಲಿ ಸ್ವಲ್ಪ ಸಂದಿ ಇರಲಿ ಅಂತ ಒಂದು ಕಡ್ಡಿ ಕೊಡುತ್ತೇನೆ. ರಾತ್ರಿ ಮೇದ ಹುಳ ಬೆಳಗಾಗುವಾಗ ಮಲಗಲು ಜಾಗ ಹುಡುಕುತ್ತದೆ, ಹತ್ತಿರದಲ್ಲೇ ಕತ್ತಲೆ, ತಂಪು, ಒದ್ದೆ ಸಿಕ್ಕಿದರೆ ದೂರ ಯಾಕೆ ಹೋದೀತು? ಬೆಳಿಗ್ಗೆ ಹಾಲು ಕರೆದು ಬಂದ ಮೇಲೆ ಹಾಳೆ ಮಗುಚಿದರೆ ಸಾಲಾಗಿ ಅಂಟಿಕೊಂಡಿರುತ್ತವೆ. ಕೆದಕಿ ಬಕೆಟ್ಟಿಗೆ ಹಾಕುವುದು, ಹಾಳೆಯನ್ನು ಅಲ್ಲೇ ಮತ್ತೆ ಇಡುವುದು. ನಿನಗೆ ಶಿವಮೊಗ್ಗದಲ್ಲಿ ಹಾಳೆ ಸಿಗದಿದ್ದರೆ ಒದ್ದೆ ಗೋಣಿಚೀಲ ಆದೀತು, ಹಳೇ ಹಲಗೆ ಆದೀತು. ಅದರಡಿ ಪಪ್ಪಾಯಿ ಎಲೆಯನ್ನೋ ಎಲೆಕೋಸಿನ ಹೊರಗಿನ ಎಲೆಯನ್ನೋ ಇಡು, ಹುಡುಕಿಕೊಂಡು ಬರುತ್ತವೆ.

ನಾದಿನಿ: ಬಿಯರ್ ಇಡುವುದೂ ಇದೇ ಲೆಕ್ಕವಾ?

ಅತ್ತಿಗೆ: ಬಿಯರಿನ ಅಮಲು ಅವಕ್ಕೆ ಬೇಕಿಲ್ಲ, ಬೇಕಾದ್ದು ಹುಳಿ ಬಂದ ವಾಸನೆ. ನಾನು ಉಳಿದ ದೋಸೆ ಹಿಟ್ಟನ್ನು ಒಂದು ದಿನ ಹೆಚ್ಚು ಹುಳಿಸಿ, ತೆಂಗಿನ ಕರಟದಲ್ಲಿ ಹಾಕಿ ಹಾಳೆಯಡಿ ಇಡುತ್ತೇನೆ. ಅದಕ್ಕೇ ಬರುತ್ತವೆ.

ನಾದಿನಿ: ಇದಕ್ಕೂ ಆಧಾರವಿದೆ ಅತ್ತಿಗೆ. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದವರೂ ಹವಾಯಿಯವರೂ ಸೇರಿ ಬ್ರೆಡ್ ಹಿಟ್ಟನ್ನು ಯೀಸ್ಟ್ ಹಾಕಿ ಹುಳಿಸಿ ಇಟ್ಟು ನೋಡಿದರು. 2021ರಲ್ಲಿ ಪ್ರಕಟವಾಯಿತು. ಬರೀ ಮೈದಾ, ನೀರು, ಯೀಸ್ಟ್. ಬೇರೆ ಬೇರೆ ಜಾತಿಯ ಹುಳಗಳೆಲ್ಲ ಅದಕ್ಕೆ ಮುತ್ತಿದವು. ಅಗ್ಗ, ವಿಷವಿಲ್ಲ.

ಅತ್ತಿಗೆ: ಒಳ್ಳೆಯದಾಯಿತು. ಕರಟದ ಬಾಯಿ ನೆಲದ ಮಟ್ಟಕ್ಕಿಂತ ಚೂರು ಮೇಲಿರಲಿ, ಇಲ್ಲದಿದ್ದರೆ ಒಳ್ಳೆಯ ನೆಲಜೀರುಂಡೆಗಳೂ ಬಿದ್ದು ಸಾಯುತ್ತವೆ. ಮಳೆ ನೀರು ತುಂಬದ ಹಾಗೆ ಮೇಲೆ ಹಾಳೆ ಇದ್ದೇ ಇದೆ. ಇದರ ಜೊತೆ ರಾತ್ರಿ ಎಂಟು, ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ಒಂದು ಸುತ್ತು. ಸಣ್ಣ ಹಿತ್ತಿಲಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ. ನೀನು ದಿನಾ ಹೆಕ್ಕಿದರೆ ಎರಡು ವಾರದಲ್ಲಿ ಕಮ್ಮಿಯಾಗುವುದು ಕಣ್ಣಿಗೇ ಕಾಣುತ್ತದೆ. ಜನ ಇದನ್ನು ಮಾಡುವುದಿಲ್ಲ, ಯಾಕೆಂದರೆ ಡಬ್ಬಿಯಿಂದ ಸುರಿಯುವುದು ಸುಲಭ.

ನಾದಿನಿ: ಹೆಕ್ಕಿದ್ದನ್ನು ಏನು ಮಾಡಲಿ? ಪಕ್ಕದ ಖಾಲಿ ಸೈಟಿಗೆ ಎಸೆದರೆ?

ಅತ್ತಿಗೆ: ವಾಪಸ್ ಬರುವುದಿಲ್ಲ ಅಂತ ಏನು ಗ್ಯಾರಂಟಿ?

ನಾದಿನಿ: ಗ್ಯಾರಂಟಿ ಇಲ್ಲ. ಇಂಗ್ಲೆಂಡಿನಲ್ಲಿ ರೂತ್ ಬ್ರೂಕ್ಸ್ ಅಂತ ಒಬ್ಬ ಅಜ್ಜಿ ತಮ್ಮ ತೋಟದ ಬಸವನಹುಳಗಳ ಚಿಪ್ಪಿಗೆ ಉಗುರುಬಣ್ಣ ಹಚ್ಚಿ ದೂರ ಬಿಟ್ಟು ನೋಡಿದರು. ಎಷ್ಟೋ ಹುಳಗಳು ಮನೆ ಹುಡುಕಿಕೊಂಡು ಬಂದವು. ಬಿಬಿಸಿ ರೇಡಿಯೊ 2010ರಲ್ಲಿ ಹವ್ಯಾಸಿ ವಿಜ್ಞಾನಿಗಳಿಗೆ ನಡೆಸಿದ ಸ್ಪರ್ಧೆಯಲ್ಲಿ ಅವರೇ ಗೆದ್ದರು.

ಅತ್ತಿಗೆ: ಮತ್ತೆ ಎಸೆಯುವ ಮಾತು ಬಿಡು. ಪಕ್ಕದವರ ಹಿತ್ತಿಲಿಗೆ ದಾಟಿಸುವುದು ಧರ್ಮವೂ ಅಲ್ಲ. ನಾನು ಕುದಿಯುವ ನೀರು ಸುರಿದು, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುತ್ತೇನೆ. ಕ್ಷಣದಲ್ಲಿ ಮುಗಿಯುತ್ತದೆ.

ನಾದಿನಿ: ಕೊಲ್ಲುವಾಗ ಮನಸ್ಸಿಗೆ ಕಷ್ಟವಾಗುವುದಿಲ್ಲವಾ? ನಮ್ಮಮ್ಮ ಇರುವೆ ಸಾಲು ದಾಟಿ ನಡೆಯುತ್ತಿದ್ದವರು.

ಅತ್ತಿಗೆ: ಆಗುತ್ತದೆ. ಅದಕ್ಕೇ ಎಲ್ಲವನ್ನೂ ಕೊಲ್ಲುವುದಿಲ್ಲ. ಇದನ್ನು ನೀನು ಗಮನವಿಟ್ಟು ಕೇಳಬೇಕು. ನಮ್ಮ ಕಾಡಿನ ಬಸವನಹುಳಗಳು ಬೇರೆ, ಹೊರಗಿನಿಂದ ಬಂದದ್ದು ಬೇರೆ. ಮಳೆಗಾಲದಲ್ಲಿ ಸೊಪ್ಪಿನಬೆಟ್ಟದ ಕಡೆ ಹೋದರೆ ತೆಳು ಚಿಪ್ಪಿನ, ಕೆಂಪು ಮೈಯ ಹುಳ ಕಾಣುತ್ತದೆ.

ನಾದಿನಿ: ಇಂಡ್ರೆಲ್ಲ ಆಂಪುಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಅತ್ತಿಗೆ: ಅದು ನನ್ನ ಹರಿವೆಗೆ ಬಂದು ಹಾಳು ಮಾಡಿದ್ದನ್ನು ನಾನು ಕಂಡಿಲ್ಲ. ಸಿಕ್ಕಿದರೆ ಎತ್ತಿ ಬೆಟ್ಟದ ಕಡೆ ಬಿಡುತ್ತೇನೆ. ಕಾಟ ಕೊಡುವುದು ಆ ಆಫ್ರಿಕದ ದೊಡ್ಡದು. ಉದ್ದ ಚೂಪು ಚಿಪ್ಪು, ಮೇಲೆ ಕಂದು ಪಟ್ಟೆ. ಬೆಳೆದರೆ ಅಂಗೈಗಿಂತ ದೊಡ್ಡದಾಗುತ್ತದೆ. ಕೊಡಗಿನ ಶನಿವಾರಸಂತೆ ಭಾಗದಲ್ಲಿ ಕಾಫಿ ತೋಟಗಳಿಗೆ ಅದು ನುಗ್ಗಿ ಬೆಳೆಗಾರರು ಚೀಲಗಟ್ಟಲೆ ಹೆಕ್ಕಬೇಕಾಯಿತು.

ನಾದಿನಿ: ಅದು ಪೂರ್ವ ಆಫ್ರಿಕದ್ದು. ನಮ್ಮ ದೇಶಕ್ಕೆ ಬಂದದ್ದು ತಾನಾಗಿಯೇ ಅಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಅನ್ನುವ ಬ್ರಿಟಿಷ್ ಅಧಿಕಾರಿ, ಚಿಪ್ಪುಗಳ ಬಗ್ಗೆ ಆಸಕ್ತಿ ಇದ್ದವರು, ಮಾರಿಷಸ್ಸಿನಿಂದ ಕಲ್ಕತ್ತಕ್ಕೆ ತಂದರು. ಅಲ್ಲಿ ಒಂದು ತೋಟಕ್ಕೆ ಬಿಟ್ಟದ್ದು ಇವತ್ತು ನಮ್ಮ ಹಿತ್ತಿಲಿನವರೆಗೆ ಬಂದಿದೆ. ಒಂದೇ ಹುಳದಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಕೂಡಿದ ಮೇಲೆ ಪ್ರತಿಯೊಂದೂ ಮೊಟ್ಟೆ ಇಡಬಲ್ಲದು. ಒಂದು ಸಲಕ್ಕೆ ನೂರಾರು, ವರ್ಷಕ್ಕೆ ಹಲವು ಸಲ. 500ಕ್ಕೂ ಹೆಚ್ಚು ಬಗೆಯ ಗಿಡ ತಿನ್ನುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಮುಚ್ಚಳ ಕಟ್ಟಿಕೊಂಡು ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ.

ಅತ್ತಿಗೆ: ಆ ನಿದ್ದೆಯೇ ನಮಗೆ ಅವಕಾಶ. ನಾನು ಈ ಕೆಲಸ ಶುರು ಮಾಡುವುದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ಕಲ್ಲುಕಟ್ಟಣೆಯ ಸಂದಿ, ಸೌದೆ ಒಟ್ಟು, ಬಚ್ಚಲ ಹಿಂದಿನ ಮೂಲೆ, ಕೊಳೆತ ಬಾಳೆದಿಂಡು, ಎಲ್ಲ ಒಂದು ಸಲ ಮಗುಚಿ ಹುಡುಕಿದರೆ ಮಲಗಿದ್ದಲ್ಲೇ ಸಿಗುತ್ತವೆ. ಒಂದು ದೊಡ್ಡ ಹುಳವನ್ನು ಏಪ್ರಿಲ್‌ನಲ್ಲಿ ಹೆಕ್ಕಿದರೆ ಜುಲೈಯಲ್ಲಿ ಅದರ ಸಂತಾನ ಹೆಕ್ಕುವ ಕೆಲಸ ಉಳಿಯಿತು. ಮೃಗಶಿರಾ ಮಳೆ ಹಿಡಿದ ಮೇಲೆ ಗುದ್ದಲಿ ಹಾಕಿದಾಗ ಮಣ್ಣಿನಲ್ಲಿ ಸಾಬೂದಾನಿ ಗಾತ್ರದ ಬಿಳಿ-ಹಳದಿ ಮೊಟ್ಟೆ ಗುಂಪು ಸಿಕ್ಕಿದರೆ ಅದೇ. ಅವನ್ನೂ ಕುದಿನೀರಿಗೆ ಹಾಕುವುದು.

ನಾದಿನಿ: ಆಫ್ರಿಕದ ಹುಳವನ್ನು ತಿನ್ನುವ ಇನ್ನೊಂದು ಜೀವಿ ತಂದು ಬಿಡಬಾರದಾ ಅಂತ ಮಕ್ಕಳು ತರಗತಿಯಲ್ಲಿ ಕೇಳುತ್ತಾರೆ. ಹಾಗೆ ಮಾಡಿದ ದ್ವೀಪಗಳ ಕಥೆ ಹೇಳುತ್ತೇನೆ. 1955ರಲ್ಲಿ ಹವಾಯಿಗೆ, 1977ರಲ್ಲಿ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪಕ್ಕೆ ಬಸವನಹುಳ ತಿನ್ನುವ ಗುಲಾಬಿ ಬಣ್ಣದ ಬಸವನಹುಳ ತಂದು ಬಿಟ್ಟರು. ಮೂರಿಯಾದಲ್ಲಿ ಅದು ಆಫ್ರಿಕದ್ದನ್ನು ಬಿಟ್ಟು ಅಲ್ಲಿನ ಮರಗಳ ಮೇಲಿದ್ದ ಪಾರ್ಟುಲ ಅನ್ನುವ ಪುಟ್ಟ ಬಸವನಹುಳಗಳನ್ನು ತಿಂದಿತು. ಹತ್ತೇ ವರ್ಷದಲ್ಲಿ ಮೂರಿಯಾದ ಕಾಡಿನಲ್ಲಿ ಅವು ಇಲ್ಲವಾದವು. ಮೃಗಾಲಯಗಳಲ್ಲಿ ಸಾಕಿದವನ್ನು ಈಗ ಮರಳಿ ಬಿಡುತ್ತಿದ್ದಾರೆ.

ಅತ್ತಿಗೆ: ಹೊರಗಿನಿಂದ ತರುವುದೇಕೆ, ಇಲ್ಲೇ ಇದ್ದಾರಲ್ಲ ತಿನ್ನುವವರು. ಕೆಂಬೂತ ನೋಡಿದ್ದೀಯಾ? ಬೇಲಿಯಲ್ಲಿ ಗುಂಯ್ ಗುಂಯ್ ಅಂತ ಕೂಗುತ್ತಾ ನಡೆಯುವ ಹಕ್ಕಿ, ಬಸವನಹುಳವನ್ನು ಕುಕ್ಕಿ ತಿನ್ನುತ್ತದೆ. ಬೇಲಿ ಸಾಲಿನ ಪೊದೆಯನ್ನು ಅದಕ್ಕೆಂದೇ ಬಿಟ್ಟಿದ್ದೇನೆ. ಬಾತುಕೋಳಿ ಸಾಕುವವರ ತೋಟದಲ್ಲಿ ಹುಳ ಕಮ್ಮಿ. ಮಿಂಚುಹುಳವೂ ತಿನ್ನುತ್ತದೆ ಅಂತ ನೀನೇ ಹೇಳಿದ್ದೆ.

ನಾದಿನಿ: ಮಿಂಚುಹುಳದ ಮರಿ. ನೆಲದ ಮೇಲೆ ಹರಿದಾಡುತ್ತಾ ಬಸವನಹುಳವನ್ನು ಕಚ್ಚಿ, ಮರಗಟ್ಟಿಸಿ, ಒಳಗೇ ಕರಗಿಸಿ ಹೀರುತ್ತದೆ. ದೊಡ್ಡ ಜಾತಿಯ ಮಿಂಚುಹುಳದ ಮರಿಗಳು ಆಫ್ರಿಕದ ಬಸವನಹುಳವನ್ನೂ ಬಿಡುವುದಿಲ್ಲ. ಬಸವನಹುಳ ಕೊಲ್ಲುವ ವಿಷವಾದ ಮೆಟಾಲ್ಡಿಹೈಡ್ ಹರಳು ಚೆಲ್ಲಿದರೆ ಈ ಮರಿಗಳಿಗೆ ಊಟವೇ ಇಲ್ಲ.

ಅತ್ತಿಗೆ: ಆ ಹರಳನ್ನು ನಾನು ಮನೆಗೆ ತರಲು ಬಿಟ್ಟಿಲ್ಲ. ಅದರಲ್ಲಿ ಬೆರೆಸಿದ ತೌಡಿನ ವಾಸನೆಗೆ ನಾಯಿ ಮೂಸಿ ತಿಂದರೆ ಪ್ರಾಣಕ್ಕೇ ಸಂಚಕಾರ.

ನಾದಿನಿ: ಬ್ರಿಟನ್ನಿನಲ್ಲಿ 2022ರಿಂದ ಅದನ್ನು ಹೊರಗೆ ಬಳಸುವಂತೆಯೇ ಇಲ್ಲ. ಅದರ ಬದಲು ಐರನ್ ಫಾಸ್ಫೇಟ್ ಹರಳು ಬಳಸುತ್ತಾರೆ, ಅಪಾಯ ಬಹಳ ಕಡಿಮೆ.

ಅತ್ತಿಗೆ: ತೀರಾ ಮೀರಿದರೆ ಅದನ್ನು ನೋಡೋಣ. ಈಗ ಒಂದು ಎಚ್ಚರಿಕೆಯನ್ನು ನೀನೇ ಹೇಳು, ನಿನ್ನ ಮಾತಿಗೆ ಮಕ್ಕಳು ಬೆಲೆ ಕೊಡುತ್ತಾರೆ. ಹುಳಗಳನ್ನು ಅವರು ಬರಿಗೈಯಲ್ಲಿ ಹಿಡಿಯುತ್ತಾರೆ.

ನಾದಿನಿ: ಹಿಡಿಯಲೇಬಾರದು. ಇಲಿಯ ಶ್ವಾಸಕೋಶದಲ್ಲಿರುವ ಒಂದು ಜಾತಿಯ ಜಂತು ಬಸವನಹುಳದ ಮೈಯಲ್ಲಿ ಮರಿಯಾಗಿರುತ್ತದೆ. ಅದು ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಇಲ್ಲವೇ ಚಿಮ್ಮಟದಲ್ಲಿ ಹೆಕ್ಕಬೇಕು, ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಬೇಯಿಸಿದ ಸೊಪ್ಪಿಗೆ ಭಯವಿಲ್ಲ, ಬಿಸಿಗೆ ಜಂತು ಸಾಯುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನವನ್ನು ಎಲೆ ಎಲೆ ಬಿಡಿಸಿ, ಕೋಸಂಬರಿಗೆ ಹಾಕುವ ಸೌತೆಯನ್ನೂ ಹರಿಯುವ ನೀರಲ್ಲಿ ತೊಳೆಯಬೇಕು. ಉಪ್ಪುನೀರಲ್ಲಿ ಅದ್ದಿಟ್ಟರೆ ಸಾಕು ಅಂತ ನಂಬುವ ಹಾಗಿಲ್ಲ.

ಅತ್ತಿಗೆ: ನೀನು ಮಡಿಗೆ ನೀರು ಬಿಡುವುದು ಯಾವ ಹೊತ್ತಿಗೆ?

ನಾದಿನಿ: ಸಂಜೆ, ಕಾಲೇಜಿನಿಂದ ಬಂದ ಮೇಲೆ.

ಅತ್ತಿಗೆ: ಬೆಳಿಗ್ಗೆ ಬಿಡು. ಸಂಜೆ ಬಿಟ್ಟರೆ ರಾತ್ರಿಯಿಡೀ ನೆಲ ಒದ್ದೆಯಾಗಿದ್ದು ಅವಕ್ಕೆ ಓಡಾಡಲು ಹಾದಿಯಾಗುತ್ತದೆ. ಬೆಳಿಗ್ಗೆಯ ನೀರು ಸಂಜೆಯೊಳಗೆ ಮೇಲ್ಮಣ್ಣಿನಲ್ಲಿ ಆರಿರುತ್ತದೆ. ಸಸಿ ಬುಡಕ್ಕೆ ದರಕು ದಪ್ಪವಾಗಿ ಹೊದಿಸುವುದನ್ನೂ ಸಸಿ ಗಟ್ಟಿಯಾಗುವವರೆಗೆ ತಡೆ. ಹರಿವೆಯನ್ನು ಮಡಿಯಲ್ಲಿ ನೇರವಾಗಿ ಬಿತ್ತುವ ಬದಲು ಎತ್ತರದ ಕಟ್ಟೆಯ ಮೇಲೆ ಟ್ರೇಯಲ್ಲಿ ಬಿತ್ತಿ, ಗೇಣುದ್ದ ಆದ ಮೇಲೆ ನೆಡು. ದಂಟು ಬಲಿತ ಗಿಡದ ಒಂದೆರಡು ಎಲೆ ಹೋದರೆ ಗಿಡ ಸಾಯುವುದಿಲ್ಲ. ಬಸಳೆಗೆ ಚಪ್ಪರ ಕೊಡು. ಒಂದಿಷ್ಟು ಅವೂ ತಿನ್ನಲಿ, ನಮ್ಮದೂ ಉಳಿಯಲಿ.

ನಾದಿನಿ: ಆ ಕೆಂಪು ದಂಟಿನ ಬಸಳೆಯ ಸಸಿ ಒಂದು ಕೊಡುತ್ತೀರಾ? ಕವರಿನ ಸಮೇತ ಕಾರಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಅತ್ತಿಗೆ: ಕವರಿನ ಸಮೇತ ಬೇಡ. ಆ ಮಣ್ಣಿನಲ್ಲಿ ಮೊಟ್ಟೆ ಇದ್ದರೆ ನಿಮ್ಮನೆಗೆ ನಾನೇ ಹುಳ ಕಳಿಸಿದ ಹಾಗಾಗುತ್ತದೆ. ಊರಿಂದ ಊರಿಗೆ ಇವು ಹರಡುವುದು ನರ್ಸರಿ ಮಣ್ಣಿನಲ್ಲಿ, ಮರಳಿನಲ್ಲಿ, ಗೊಬ್ಬರದ ಲಾರಿಯಲ್ಲಿ. ಬಳ್ಳಿ ತುಂಡು ಕೊಯ್ದು ಕೊಡುತ್ತೇನೆ, ಬಸಳೆ ತುಂಡಿನಲ್ಲೇ ಬೇರು ಬಿಡುತ್ತದೆ. ಬಾವಿಕಟ್ಟೆ ಹತ್ತಿರ ಹೋಗಿ ಎಲೆ ಹಿಂದೆ ಮುಂದೆ ಚೆನ್ನಾಗಿ ತೊಳಿ, ಅಷ್ಟರಲ್ಲಿ ನಿಮ್ಮಣ್ಣನ ಹತ್ತಿರ ನಾಲ್ಕು ಹಾಳೆ ಒರೆಸಿ ಕಟ್ಟಿಸಿ ಇಡುತ್ತೇನೆ.